ಚೆರಲೈಟ್

ಖನಿಜಗಳ ವರ್ಗೀಕರಣಕ್ಕೆ ಬಣ್ಣವೊಂದೇ ಆಧಾರವಾಗಲಾರದು. ರಾಸಾಯನಿಕ ಸಂಯೋಜನೆ ಮತ್ತು ಹರಳಿನ ರಚನೆಗಳೇ ಮುಖ್ಯ. ಚೆರಲೈಟ್ ಇದಕ್ಕೆ ನಿದರ್ಶನ.

ತಿರುವಾಂಕೂರು ಪ್ರದೇಶದಲ್ಲಿ ದೊರೆತ ಈ ವಿರಳ ಹಸಿರು ಖನಿಜವನ್ನು ಬೋವಿ ಮತ್ತು ಹಾರ್ನ್ ಎಂಬ ವಿಜ್ಞಾನಿಗಳು 1953ರಲ್ಲಿ ವಿವರಿಸಿ, ಪ್ರಾಚೀನ ಚೇರನಾಡಿನ ಹೆಸರನ್ನು ಇದಕ್ಕಿತ್ತರು. ಇದರ ಸಾಂದ್ರತೆ ನೀರಿನ ಐದರಷ್ಟಕ್ಕಿಂತಲೂ ಹೆಚ್ಚು.

ಕೇರಳದ ಕಡಲತೀರದ ಮರಳಿನಲ್ಲಿರುವ ಮೋನಜೈಟ್ ಹಳದಿ ಅಥವಾ ಕಂದು ಬಣ್ಣದ್ದು. ಅದು ಸೀರಿಯಮ್ ಮೊದಲಾದ ಧಾತುಗಳ ಫಾಸ್ಫೇಟ್. ಮೂರು ಆವೇಶವುಳ್ಳ ಎರಡು ಸೀರಿಯಮ್ ಅಯಾನುಗಳ ಸ್ಥಾನಕ್ಕೆ ನಾಲ್ಕು ಆವೇಶದ ಥೋರಿಯಮ್ ಒಂದು, ಎರಡು ಆವೇಶದ ಕ್ಯಾಲ್ಸಿಯಮ್ ಒಂದು ಬಂದರೆ ಒಟ್ಟು ಆವೇಶ ಆರಾಗಿಯೇ ಉಳಿಯುತ್ತದೆ. ಹರಳಿನ ರಚನೆಯೂ ಕೆಡುವುದಿಲ್ಲ. ಕೇರಳದ ಮೋನಜೈಟಿನಲ್ಲಿ ಥೋರಿಯಮ್ ಆಕ್ಸೈಡ್ ಸುಮಾರು ಶೇಕಡ 9ರಷ್ಟಿದ್ದರೆ, ಚೆರಲೈಟಿನಲ್ಲಿ ಸುಮಾರು ಶೇಕಡ 30ರಷ್ಟಿದೆ. ಆದರೂ ರಚನೆ ಒಂದೇ ಆದುದರಿಂದ ಚೆರಲೈಟ್ ಮೋನಜೈಟ್ ಗುಂಪಿಗೇ ಸೇರುತ್ತದೆ.