ದನ ತಿಂದ ಶಾಲೆ

ಅಮೆರಿಕದ ನೆಬ್ರಾಸ್ಕ ರಾಜ್ಯದ ಬೇಯರ್ಡ್ ಎಂಬ ಊರಿನ ಹತ್ತಿರ 19ನೇ ಶತಮಾನದ ಕೊನೆಯಲ್ಲಿ ಒಂದು ಕೋಣೆಯ ಶಾಲೆ ಕಟ್ಟಿದ್ದರು. ಕಲ್ಲಿಲ್ಲ, ಇಟ್ಟಿಗೆಯಿಲ್ಲ, ಒಣಹುಲ್ಲಿನ ಪೆಂಡಿಗಳನ್ನೇ ಪೇರಿಸಿ ಎಬ್ಬಿಸಿದ ಗೋಡೆ. ಹೊರಗೆ ಗಿಲಾವು ಮಾಡಿರಲಿಲ್ಲ. ಕೆಲವೇ ವರ್ಷಗಳಲ್ಲಿ ದನಗಳು ಶಾಲೆಯನ್ನು ತಿಂದು ಮುಗಿಸಿದವಂತೆ. ಪೆಂಡಿ ಮನೆಗಳ ಕತೆ ಹೇಳುವವರೆಲ್ಲ ಈ ಶಾಲೆಯಿಂದಲೇ ಶುರುಮಾಡುತ್ತಾರೆ. ನನಗೂ ಬಿಡಲು ಮನಸ್ಸಾಗಲಿಲ್ಲ.

ನಮಗೆ ಹುಲ್ಲಿನ ಮನೆ ಎಂದರೆ ಮೇಲೆ ಹುಲ್ಲು ಹೊದಿಸಿದ ಗುಡಿಸಲು. ಇಲ್ಲಿ ಅದು ತಿರುವುಮುರುವು: ಹುಲ್ಲು ಇರುವುದು ಗೋಡೆಯಲ್ಲಿ. ಅದಕ್ಕೆ ಕಾರಣ ನೆಬ್ರಾಸ್ಕದ ಮರಳುಗುಡ್ಡಗಳ ಸೀಮೆ. 1904ರ ಕಿಂಕೇಡ್ ಕಾಯ್ದೆಯ ಪ್ರಕಾರ ಅಲ್ಲಿ ನೆಲೆಸಲು ಬಂದ ಕುಟುಂಬಕ್ಕೆ 640 ಎಕರೆವರೆಗೆ ಜಮೀನು ಸಿಗುತ್ತಿತ್ತು. ಜಮೀನೇನೋ ಸಿಕ್ಕಿತು, ಮನೆಗೆ ಮರವೆಲ್ಲಿ? ಬೇರೆ ಬಯಲುಗಳಲ್ಲಿ ಹುಲ್ಲುಬೇರು ಹೆಣೆದುಕೊಂಡ ನೆಲವನ್ನೇ ಹೆಂಟೆಯಾಗಿ ಕತ್ತರಿಸಿ ಮನೆ ಕಟ್ಟುತ್ತಿದ್ದರು. ಇಲ್ಲಿನ ಮರಳು ಮಣ್ಣು ಆ ಕೆಲಸಕ್ಕೆ ಬಾರದು, ಕೈಯಲ್ಲೇ ಉದುರುತ್ತದೆ. ಕಣ್ಣು ಹಾಯುವಷ್ಟು ದೂರ ಇದ್ದದ್ದು ಹುಲ್ಲು, ಜೊತೆಗೆ ಕುದುರೆ ಕಟ್ಟಿ ನಡೆಸುವ ಪೆಂಡಿ ಯಂತ್ರ. ಸದ್ಯಕ್ಕೆ ತಲೆಯ ಮೇಲೊಂದು ಸೂರಾದರೆ ಸಾಕು ಎಂದು ಕಟ್ಟಿದವರು, ಚಳಿಗಾಲದಲ್ಲಿ ಒಳಗೆ ಬೆಚ್ಚಗಿರುವುದನ್ನು ಕಂಡು ಗಿಲಾವು ಬಳಿದು ಅಲ್ಲೇ ಉಳಿದರು. ಆರ್ಥರ್ ಎಂಬ ಪುಟ್ಟ ಊರಿನಲ್ಲಿ 1928ರಲ್ಲಿ ರೈ ಹುಲ್ಲಿನ ಪೆಂಡಿಗಳಿಂದ ಕಟ್ಟಿದ ಚರ್ಚು ಇವತ್ತಿಗೂ ನಿಂತಿದೆ. ಬಣ್ಣ ಬಳಿದ ಆ ಗೋಡೆ ನೋಡಿದರೆ ಒಳಗೆ ಹುಲ್ಲಿದೆ ಎಂದು ಯಾರೂ ಹೇಳಲಾರರು.

ಕಟ್ಟುವ ಕೆಲಸ ನೋಡಲು ಮಕ್ಕಳಾಟದಂತಿದೆ. ಪಾಯವನ್ನು ನೆಲದಿಂದ ಎತ್ತರಿಸಿ, ಇಟ್ಟಿಗೆಯ ಹಾಗೆಯೇ ಸಂದು ತಪ್ಪಿಸಿ ವರಸೆಯ ಮೇಲೆ ವರಸೆ ಪೆಂಡಿ ಇಡುತ್ತಾರೆ. ನಾಲ್ಕು ಜನ ನೆರೆಹೊರೆಯವರು ಕೈಹಾಕಿದರೆ ಗೋಡೆ ಎರಡು ದಿನದಲ್ಲಿ ಏಳುವುದೂ ಉಂಟು. ನೆಬ್ರಾಸ್ಕದ ಹಳೆಯ ಪದ್ಧತಿಯಲ್ಲಿ ಚಾವಣಿಯ ಭಾರವನ್ನು ಪೆಂಡಿಗಳೇ ಹೊರುತ್ತವೆ. ಈಚಿನವರು ಹೆಚ್ಚಾಗಿ ಮರದ ಕಂಬ ತೊಲೆ ನಿಲ್ಲಿಸಿ ನಡುವೆ ಪೆಂಡಿ ತುಂಬುತ್ತಾರೆ. ಕಿಟಕಿಯ ಪಕ್ಕಕ್ಕೆ ಅರ್ಧ ಪೆಂಡಿ ಬೇಕಾದಾಗ ಮಾತ್ರ ಕೈಚಳಕ ಬೇಕು. ಉದ್ದನೆಯ ದಬ್ಬಣದಿಂದ ನಡುವೆ ಹೊಸ ಹುರಿ ತೂರಿಸಿ, ಎರಡೂ ಭಾಗವನ್ನು ಬಿಗಿದು ಕಟ್ಟಿ, ಆಮೇಲೆ ಹಳೆಯ ಹುರಿ ಕತ್ತರಿಸಬೇಕು. ಅವಸರದಲ್ಲಿ ಮೊದಲೇ ಕತ್ತರಿಸಿದಿರೋ, ಕೈಯಲ್ಲಿ ಉಳಿಯುವುದು ಬಣವೆ. ಭಾರ ಹೊರುವ ಗೋಡೆಯನ್ನು ಮೇಲಿನಿಂದ ಬಿಗಿದು, ತಗ್ಗುವಷ್ಟು ತಗ್ಗಿದ ಮೇಲೆ ಒಳಗೂ ಹೊರಗೂ ಗಿಲಾವು. ಹುಲ್ಲು ಕಲಸಿ ತುಳಿದ ಮಣ್ಣೇ ಅದಕ್ಕೆ ಒಳ್ಳೆಯದು. ಆ ಹದ ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಕಟ್ಟಿದವರಿಗೆ ಕಾಲಿನಿಂದಲೇ ಗೊತ್ತು.

ಕೇಳಿದವರ ಮೊದಲ ಪ್ರಶ್ನೆ: ಬೆಂಕಿ ಬಿದ್ದರೆ? ಬಿಡಿ ಹುಲ್ಲು ಭಗ್ಗನೆ ಉರಿಯುತ್ತದೆ, ನಿಜ. ಬಿಗಿಯಾಗಿ ಅದುಮಿದ ಪೆಂಡಿಯೊಳಗೆ ಗಾಳಿ ಆಡುವುದಿಲ್ಲ, ಮೇಲೆ ಗಿಲಾವು ಬೇರೆ. ಪರೀಕ್ಷೆಗಳಲ್ಲಿ ಮಣ್ಣು ಬಳಿದ ಇಂಥ ಗೋಡೆ ಒಂದು ಗಂಟೆ ಬೆಂಕಿ ತಡೆದಿದೆ. ಕಟ್ಟುವಾಗ ಸುತ್ತ ಚೆಲ್ಲಿದ ಹುಲ್ಲಿಗೆ ಕಿಡಿ ತಾಗದಂತೆ ನೋಡಿಕೊಳ್ಳಬೇಕು, ಅಷ್ಟೇ.

ಹೆದರಬೇಕಾದದ್ದು ನೀರಿಗೆ. ಪೆಂಡಿಯ ತೇವ ಶೇಕಡ 20 ಮೀರಿದರೆ ಬೂಷ್ಟು, ಆಮೇಲೆ ಕೊಳೆತ. ಅದಕ್ಕೇ ಅನುಭವಸ್ಥರು ಪೆಂಡಿ ಕೊಳ್ಳುವಾಗ ತೇವ ಅಳೆಯುವ ಉದ್ದ ಮೊಳೆಯ ಮೀಟರನ್ನು ಒಳಕ್ಕೆ ಚುಚ್ಚಿ ನೋಡುತ್ತಾರೆ. ಚಾವಣಿಯ ಅಂಚನ್ನು ಗೋಡೆಯಿಂದ ಸಾಕಷ್ಟು ಹೊರಗೆ ಚಾಚುತ್ತಾರೆ. ಸಿಮೆಂಟ್ ಗಿಲಾವಿಗಿಂತ ಮಣ್ಣು, ಸುಣ್ಣ ಮೇಲೆನ್ನುವುದೂ ಇದರಿಂದಲೇ, ಒಳಸೇರಿದ ತೇವ ಹೊರಗೆ ಹೋಗಬೇಕಲ್ಲ. ಆಗುಂಬೆಯ ಮಳೆಗೆ ಇಂಥ ಮನೆ ಕಟ್ಟಿ ಎಂದು ನಾನಂತೂ ಹೇಳೆ. ನಮ್ಮ ಗೆದ್ದಲಿನ ಕಾಟ ಬೇರೆ. ಅಗ್ಗದ ಮನೆ ಎಂಬ ಮಾತನ್ನೂ ಪೂರ್ತಿ ನಂಬಬೇಡಿ: ಅಗ್ಗವಾಗುವುದು ಗೋಡೆ ಮಾತ್ರ; ಪಾಯ, ಚಾವಣಿ, ಬಾಗಿಲು, ನಲ್ಲಿ, ತಂತಿಗಳಿಗೆ ಎಲ್ಲರ ಮನೆಯಷ್ಟೇ ಖರ್ಚು.

ಇಂಥ ಮನೆ ನೆಬ್ರಾಸ್ಕದಲ್ಲಿ ಮಾತ್ರ ಇರುವುದಲ್ಲ. ಫ್ರಾನ್ಸಿನ ಮೊಂಟಾರ್ಜಿಯಲ್ಲಿ ಎಮಿಲ್ ಫೊಯೆಟ್ ಎಂಬ ಎಂಜಿನಿಯರ್ 1920ರ ಸುಮಾರಿಗೆ ಮರದ ಚೌಕಟ್ಟಿನೊಳಗೆ ಪೆಂಡಿ ತುಂಬಿ ಕಟ್ಟಿದ ಮನೆ ಯುರೋಪಿನಲ್ಲಿ ಈ ಬಗೆಯ ಅತ್ಯಂತ ಹಳೆಯದು. ನನಗೆ ಅದಕ್ಕಿಂತ ಹಿಡಿಸಿದ್ದು ಪಾಕಿಸ್ತಾನದ ಪ್ರಯೋಗ. 2005ರ ಭೂಕಂಪದ ನಂತರ ಉತ್ತರದ ಬೆಟ್ಟಸೀಮೆಯಲ್ಲಿ ಪೆಂಡಿ ಮನೆ ಕಟ್ಟಲು ಹೊರಟವರ ಬಳಿ ಪೆಂಡಿ ಯಂತ್ರವಿರಲಿಲ್ಲ. ಅಚ್ಚಿನಲ್ಲಿ ಹುಲ್ಲು ತುಂಬಿ ಜ್ಯಾಕಿನಿಂದ ಅದುಮಿ ಕೈಯಲ್ಲೇ ಸಣ್ಣ ಪೆಂಡಿ ಮಾಡಿಕೊಂಡರು. ಅದೇ ಮಾದರಿಯ ಮನೆಯೊಂದನ್ನು 2009ರಲ್ಲಿ ಅಮೆರಿಕದ ನೆವಾಡ ವಿಶ್ವವಿದ್ಯಾಲಯದಲ್ಲಿ ಭೂಕಂಪದಂತೆ ಅಲುಗುವ ವೇದಿಕೆಯ ಮೇಲಿಟ್ಟು ಜೋರಾಗಿ ಕುಲುಕಿಸಿದರು. ಬಿರುಕು ಬಿಟ್ಟಿತು, ಬೀಳಲಿಲ್ಲ.

ಮನೆ ಮುಗಿದ ಮೇಲೆ ಒಂದು ಪದ್ಧತಿಯಿದೆ. ಒಳಗೋಡೆಯಲ್ಲಿ ಅಂಗೈಯಗಲ ಜಾಗಕ್ಕೆ ಗಿಲಾವು ಬಳಿಯದೆ, ಫೋಟೊಗೆ ಹಾಕುವಂತೆ ಕಟ್ಟು ಹಾಕಿ ಬಿಡುತ್ತಾರೆ. ಸತ್ಯದ ಕಿಟಕಿ ಎಂದು ಅದರ ಹೆಸರು. ಬಂದ ನೆಂಟರು ಗೋಡೆ ತಟ್ಟಿ ನೋಡಿ, ಅನುಮಾನ ಹೋಗದೆ, ಕೊನೆಗೆ ಅಲ್ಲಿ ಇಣುಕುತ್ತಾರೆ. ಕಾಣುವುದು ಬರೀ ಹುಲ್ಲು.