ಒಂದೆಳೆ, ಒಂದು ಕೊಕ್ಕೆ: ಮನೆಯಲ್ಲಿಯೇ ಕ್ರೋಶಾ ಶಾಲು

ಸಭೆ ಸಮಾರಂಭಗಳಲ್ಲಿ ಹಿರಿಯರಿಗೆ ಶಾಲು ಹೊದಿಸಿ, ಫಲಪುಷ್ಪಗಳನ್ನಿತ್ತು ಗೌರವಿಸುವುದು ನಮ್ಮ ನಾಡಿನಲ್ಲಿ ರೂಢಿಯಾಗಿ ಬಂದಿದೆ. ಆ ಶಾಲುಗಳಲ್ಲಿ ಬಹುಪಾಲು ಅಂದಿನ ಸಂಜೆಯೇ ಪೆಟ್ಟಿಗೆಯನ್ನು ಸೇರುತ್ತವೆ. ಕೆಲವು ಮುಂದಿನ ವರ್ಷ ಮತ್ತೊಬ್ಬರ ಹೆಗಲನ್ನೇರಲು ಹೊರಬರುವುದೂ ಉಂಟು. ಇದರಲ್ಲಿ ಸತ್ಕರಿಸಿದವರ ತಪ್ಪೇನೂ ಇಲ್ಲ, ಸತ್ಕೃತರ ತಪ್ಪೂ ಇಲ್ಲ. ಮಿರುಗುವ ಜರಿಯಂಚಿನ ಆ ವಸ್ತ್ರ ನೋಡುವುದಕ್ಕೆ ಹುಟ್ಟಿದ್ದೇ ಹೊರತು ಹೊದೆಯುವುದಕ್ಕಲ್ಲ. ಮಾಗಿಯ ನಸುಕಿನಲ್ಲಿ ಎದ್ದು ಪೂಜೆಗೆ ಕುಳಿತ ಹಿರಿಯರ ಹೆಗಲಿಗೆ, ಬೆಳಗಿನ ಬಸ್ಸಿಗೆ ಕಾದು ನಿಂತ ವಿದ್ಯಾರ್ಥಿಯ ಕೊರಳಿಗೆ ಬೇಕಾದ ಶಾಲು ಬೇರೆ. ಅದನ್ನು ಮಗ್ಗವಿಲ್ಲದೆ, ಯಂತ್ರವಿಲ್ಲದೆ, ಮನೆಯ ಜಗಲಿಯ ಮೇಲೆ ಕುಳಿತು ಕೆಲವು ಸಂಜೆಗಳಲ್ಲಿ ಸಿದ್ಧಪಡಿಸುವ ವಿದ್ಯೆಯೇ ಕ್ರೋಶಾ.

ಮೊದಲು ಶಬ್ದಗಳ ವಿಚಾರ. ‘ಶಾಲು’ ಪಾರಸಿ ಭಾಷೆಯಿಂದ ಬಂದು ನಮ್ಮದಾದ ಪದ. ‘ಕ್ರೋಶಾ’ ಎಂಬುದು ಫ್ರೆಂಚ್ ಭಾಷೆಯದು. ಆ ಭಾಷೆಯಲ್ಲಿ ಅದಕ್ಕೆ ಚಿಕ್ಕ ಕೊಕ್ಕೆ ಎಂದೇ ಅರ್ಥ. ಉಪಕರಣದ ಹೆಸರೇ ಕಲೆಯ ಹೆಸರಾಗಿ ನಿಂತಿತು. ಬಾಗಿಲ ತೋರಣ, ಮೇಜಿನ ಹಾಸು, ತಟ್ಟೆಯ ಮುಚ್ಚಳ, ಕೂಸಿನ ಕುಲಾವಿ ಮೊದಲಾದವುಗಳ ರೂಪದಲ್ಲಿ ಈ ಕಲೆ ನಮ್ಮ ಮನೆಗಳಿಗೆ ಚಿರಪರಿಚಿತ. ಇದನ್ನು ಕಸೂತಿಯೆಂದು ಭ್ರಮಿಸುವವರಿದ್ದಾರೆ. ಕಸೂತಿ ನೆಯ್ದ ಬಟ್ಟೆಯ ಮೇಲೆ ಸೂಜಿಯಿಂದ ಬರೆಯುವ ಚಿತ್ತಾರ. ಅಲ್ಲಿ ಬಟ್ಟೆ ಮೊದಲೇ ಇರುತ್ತದೆ. ಕ್ರೋಶಾದಲ್ಲಾದರೋ ಬಟ್ಟೆಯೇ ಕೊಕ್ಕೆಯ ತುದಿಯಲ್ಲಿ ಹುಟ್ಟುತ್ತದೆ.

ನೇಯ್ಗೆಗೂ ಇದಕ್ಕೂ ಇರುವ ಅಂತರವನ್ನು ಅರಿಯಲು ನಮ್ಮ ಕಂಬಳಿಯನ್ನೇ ನೆನೆಯಬಹುದು. ಕುರಿಯ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ಹಾಸನ್ನು ಹೂಡಿ, ಹುಣಸೆ ಬೀಜದ ಗಂಜಿಯನ್ನು ತೊಡೆದು, ಬಳಿಕ ಗುಂಡಿಮಗ್ಗದಲ್ಲಿ ಹೊಕ್ಕನ್ನು ಹಾಯಿಸಬೇಕು. ಅಲ್ಲಿ ಹಾಸು, ಹೊಕ್ಕು ಎಂಬ ಎರಡು ದಾರಗಳ ಸಂಗಮವಿದೆ. ಮನೆಮಂದಿಯೆಲ್ಲ ಕೈಗೂಡಿಸುವ ದುಡಿಮೆಯಿದೆ. ಕ್ರೋಶಾದಲ್ಲಿರುವುದು ಒಂದೇ ಎಳೆ. ಅದರ ಕುಣಿಕೆಯೊಳಗಿನಿಂದ ಮತ್ತೊಂದು ಕುಣಿಕೆಯನ್ನು ಸೆಳೆಯುತ್ತ ಹೋಗುವುದೇ ಅದರ ಸಮಸ್ತ ರಹಸ್ಯ. ಎರಡು ಕಡ್ಡಿಗಳ ಹೆಣಿಗೆಯೂ ಒಂದೇ ಎಳೆಯದಾದರೂ, ಅಲ್ಲಿ ಒಂದು ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೆ ತೆರೆದೇ ಇರುತ್ತವೆ. ಕಡ್ಡಿ ಜಾರಿದರೆ ಸಾಲೇ ಬಿಚ್ಚೀತೆಂಬ ಭಯ. ಕ್ರೋಶಾದಲ್ಲಿ ತೆರೆದಿರುವುದು ಒಂದೇ ಒಂದು ಕುಣಿಕೆ. ಒಲೆಯ ಮೇಲಿನ ಹಾಲು ಉಕ್ಕಿತೆಂದು ಕೆಲಸವನ್ನು ಕೆಳಗಿಟ್ಟು ಓಡಿದರೂ ನಷ್ಟವಾಗುವುದು ಅದೊಂದೇ. ಗೃಹಕೃತ್ಯಗಳ ನಡುವೆ ಈ ಕಲೆ ನೆಲೆನಿಂತುದಕ್ಕೆ ಇದು ಮುಖ್ಯ ಕಾರಣವೆನ್ನಬೇಕು.

ಕಲಿಯುವವರು ತೋರಣದಿಂದಲ್ಲ, ಕೊರಳಪಟ್ಟಿಯಿಂದ, ಎಂದರೆ ಮಫ್ಲರಿನಿಂದ, ಆರಂಭಿಸುವುದು ಲೇಸು. ತೋರಣಕ್ಕೆ ಸಣ್ಣ ನೂಲು, ಸಣ್ಣ ಉಕ್ಕಿನ ಕೊಕ್ಕೆ, ತೀಕ್ಷ್ಣ ದೃಷ್ಟಿ ಬೇಕು. ಮಫ್ಲರು ನೀಳವಾದ ಆಯತ. ಅದಕ್ಕೆ ತೋಳಿಲ್ಲ, ಕೊರಳಿನ ಕತ್ತರಿಪಿಲ್ಲ, ಯಾರ ಅಳತೆಯ ಹಂಗೂ ಇಲ್ಲ. ಮಧ್ಯಮ ದಪ್ಪದ ಉಲ್ಲನ್ ನೂಲು 150ರಿಂದ 200 ಗ್ರಾಂ, 5 ಅಥವಾ 5.5 ಮಿಲಿಮೀಟರಿನ ಅಲ್ಯೂಮಿನಿಯಂ ಕೊಕ್ಕೆ, ಒಂದು ಕತ್ತರಿ, ಮೊಂಡುತುದಿಯ ದಪ್ಪ ಸೂಜಿ ಇಷ್ಟಿದ್ದರೆ ಸಾಮಗ್ರಿ ಪೂರ್ಣ. ಪೇಟೆಯಲ್ಲಿ ಉಲ್ಲನ್ ಎಂದು ಮಾರುವುದೆಲ್ಲ ಉಣ್ಣೆಯಲ್ಲ. ಬಹಳಷ್ಟು ಅಕ್ರಿಲಿಕ್ ಎಂಬ ಕೃತಕ ನೂಲು. ಕಲಿಕೆಗೆ ಅದು ಸಾಕು, ಬೆಲೆಯೂ ಕಡಿಮೆ. ತಿಳಿಬಣ್ಣದ್ದನ್ನು ಆರಿಸಬೇಕು, ಕಪ್ಪು ನೂಲಿನಲ್ಲಿ ಕುಣಿಕೆಗಳು ಕಣ್ಣಿಗೆ ಬೀಳುವುದಿಲ್ಲ.

ನೂಲಿನ ತುದಿಯಲ್ಲಿ ಜಾರುಗಂಟನ್ನು ಹಾಕಿ ಕೊಕ್ಕೆಗೆ ಸೇರಿಸಿ, ನೂಲನ್ನು ಕೊಕ್ಕೆಯ ಮೇಲೆ ತಂದು ಕುಣಿಕೆಯೊಳಗಿನಿಂದ ಸೆಳೆದರೆ ಒಂದು ಸರಪಣಿ. ಹೀಗೆ 23 ಸರಪಣಿಗಳನ್ನು ಹಾಕಬೇಕು. ಇನ್ನು ಕಂಬ. ನೂಲನ್ನು ಕೊಕ್ಕೆಗೆ ಒಮ್ಮೆ ಸುತ್ತಿ, ಕೊಕ್ಕೆಯ ಕಡೆಯಿಂದ ನಾಲ್ಕನೆಯ ಸರಪಣಿಯೊಳಗೆ ತೂರಿಸಿ, ನೂಲನ್ನು ಎಳೆದರೆ ಕೊಕ್ಕೆಯ ಮೇಲೆ ಮೂರು ಕುಣಿಕೆಗಳಾಗುತ್ತವೆ. ಮತ್ತೆ ನೂಲನ್ನು ಹಿಡಿದು ಎರಡರೊಳಗಿನಿಂದ ಸೆಳೆಯಬೇಕು. ಮತ್ತೊಮ್ಮೆ ಹಿಡಿದು ಉಳಿದೆರಡರೊಳಗಿನಿಂದ ಸೆಳೆಯಬೇಕು. ಸರಪಣಿಯ ಮೇಲೆ ನೆಟ್ಟಗೆ ನಿಂತ ಈ ರಚನೆಗೆ ಕಂಬವೆಂಬ ಹೆಸರು ಅನ್ವರ್ಥಕವಾದುದು. ಮುಂದಿನ ಒಂದೊಂದು ಸರಪಣಿಯಲ್ಲಿಯೂ ಒಂದೊಂದು ಕಂಬವನ್ನು ಹಾಕಿದರೆ 20 ಕಂಬಗಳು. ಆರಂಭದಲ್ಲಿ ಬಿಟ್ಟ ಮೂರು ಸರಪಣಿಗಳೇ ಒಂದು ಕಂಬವಾಗಿ ನಿಲ್ಲುವುದರಿಂದ ಒಟ್ಟು 21. ಇದೇ ಪಟ್ಟಿಯ ಅಗಲ, ಸುಮಾರು ಏಳು ಅಂಗುಲ.

ಸಾಲು ಮುಗಿದ ಮೇಲೆ ಕೆಲಸವನ್ನು ತಿರುಗಿಸಿ ಮೂರು ಸರಪಣಿ ಹಾಕಬೇಕು. ಅದು ಹೊಸ ಸಾಲಿನ ಮೊದಲ ಕಂಬ. ಆದುದರಿಂದ ಕೆಳಸಾಲಿನ ಮೊದಲನೆಯ ಕಂಬವನ್ನು ಬಿಟ್ಟು ಎರಡನೆಯದರಿಂದ ತೊಡಗಬೇಕು. ಕಡೆಯ ಕಂಬವನ್ನು ಹಿಂದಿನ ಸಾಲಿನ ಮೂರು ಸರಪಣಿಗಳ ತಲೆಯ ಮೇಲೆ ಹಾಕಬೇಕು. ಕಲಿಯುವವರಲ್ಲಿ ಬಹುಮಂದಿ ತಪ್ಪುವುದು ಇಲ್ಲಿಯೇ. ಆ ಕಡೆಯ ಕಂಬ ಕಣ್ಣಿಗೆ ಕಂಬದಂತೆ ಕಾಣದು. ಅದನ್ನು ಮರೆತರೆ ಸಾಲಿಗೊಂದರಂತೆ ಕಡಿಮೆಯಾಗಿ ಪಟ್ಟಿ ಹಾವಿನ ಬಾಲದಂತೆ ಮೊನಚಾಗುತ್ತದೆ. ಮೊದಲನೆಯದರಲ್ಲಿ ಮರೆತು ಒಂದು ಹಾಕಿದರೆ ಅಗಲಿಸುತ್ತ ಹೋಗುತ್ತದೆ. ನೂಲು ಕೆಟ್ಟದು, ಕೊಕ್ಕೆ ಕೆಟ್ಟದು ಎಂದು ದೂರುವ ಮೊದಲು ಪ್ರತಿ ಸಾಲಿನ ಕೊನೆಯಲ್ಲಿ 21ನ್ನು ಎಣಿಸಿಕೊಂಡರೆ ಸಾಕು, ಈ ಎರಡು ದೋಷಗಳೂ ತಾವಾಗಿ ತೊಲಗುತ್ತವೆ. ಬುಡದ ಸರಪಣಿ ಬಿಗಿಯಾದರೆ ಆ ಅಂಚು ಬಿಲ್ಲಿನಂತೆ ಬಾಗುತ್ತದೆ. ಬುಡಕ್ಕೆ ಮಾತ್ರ ಒಂದು ಅಳತೆ ದೊಡ್ಡ ಕೊಕ್ಕೆಯನ್ನು ಬಳಸುವುದು ಅದಕ್ಕೆ ಪರಿಹಾರ.

ಹೀಗೆ 100ರಿಂದ 120 ಸಾಲುಗಳಾದರೆ ಸುಮಾರು ಅರುವತ್ತು ಅಂಗುಲ ಉದ್ದದ ಮಫ್ಲರು ಸಿದ್ಧ. ಕೈ ಕುದುರಿದವರಿಗೆ ಸಾಲಿಗೆ ಎರಡು ಮೂರು ನಿಮಿಷ. ಎಂದರೆ ಒಟ್ಟು ನಾಲ್ಕೈದು ಗಂಟೆ. ಹೊಸಬರಿಗೆ ಅದರ ಇಮ್ಮಡಿ. ಇನ್ನೂ ಬೇಗ ಮುಗಿಯಬೇಕೆಂದರೆ ಒಂದು ಕಂಬ, ಒಂದು ಸರಪಣಿ, ಕೆಳಗಿನ ಒಂದನ್ನು ಬಿಡುವುದು ಎಂಬ ಕ್ರಮದಲ್ಲಿ ಜಾಲರಿಯಂತೆ ಹೆಣೆಯಬಹುದು. ಕಂಬಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ, ನೂಲೂ ಉಳಿಯುತ್ತದೆ, ಪಟ್ಟಿ ಮೃದುವಾಗಿ ಇಳಿಬೀಳುತ್ತದೆ. ಚಳಿಯನ್ನು ತಡೆಯುವ ಗುಣ ಮಾತ್ರ ತುಸು ಕಡಿಮೆ.

ಪುಸ್ತಕಗಳನ್ನು ನೋಡಿ ಕಲಿಯುವವರಿಗೆ ಇಲ್ಲೊಂದು ಎಚ್ಚರಿಕೆ ಆವಶ್ಯಕ. ನಮ್ಮ ಈ ಕಂಬವನ್ನು ಇಂಗ್ಲೆಂಡಿನ ಪುಸ್ತಕಗಳು ಟ್ರೆಬಲ್ ಎನ್ನುತ್ತವೆ; ಅಮೆರಿಕದವು ಅದನ್ನೇ ಡಬಲ್ ಕ್ರೋಶೆ ಎನ್ನುತ್ತವೆ. ಇಂಗ್ಲೆಂಡಿನವರ ಡಬಲ್ ಕ್ರೋಶೆಯಾದರೋ ಇದಕ್ಕಿಂತ ಗಿಡ್ಡನೆಯ ಬೇರೊಂದು ರಚನೆ. ಗ್ರಂಥ ಯಾವ ದೇಶದ್ದೆಂದು ನೋಡದೆ ಹೊರಟವರ ಶಾಲು ಅಂಗವಸ್ತ್ರವಾಗುವ ಬದಲು ಕರವಸ್ತ್ರವಾದೀತು. ಒಂದೇ ಪದಕ್ಕೆ ಎರಡು ಅರ್ಥಗಳಿರುವಾಗ ಸಂದರ್ಭವನ್ನು ನೋಡಬೇಕೆಂಬ ವ್ಯಾಖ್ಯಾನಕಾರರ ನಿಯಮ ಇಲ್ಲಿಗೂ ಅನ್ವಯಿಸುತ್ತದೆ.

ಮಫ್ಲರು ಕೈಗೆ ಬಂದ ಮೇಲೆ ಮುಕ್ಕೋಣದ ಶಾಲು ಕಷ್ಟವಲ್ಲ. ಇದು ಕೊರಳ ಹಿಂಭಾಗದ ನಡುವಿನಿಂದ ಹುಟ್ಟಿ ಕೆಳಕ್ಕೆ ಬೆಳೆಯುತ್ತದೆ. ನಾಲ್ಕು ಸರಪಣಿಗಳನ್ನು ಕೂಡಿಸಿ ಒಂದು ಉಂಗುರ ಮಾಡಬೇಕು. ಬಳಿಕ ನಾಲ್ಕು ಸರಪಣಿ ಹಾಕಿ, ಉಂಗುರದೊಳಗೆ ಮೂರು ಕಂಬ, ಎರಡು ಸರಪಣಿ, ಮತ್ತೆ ಮೂರು ಕಂಬ, ಒಂದು ಸರಪಣಿ, ಅಂಚಿಗೊಂದು ಕಂಬ. ಮೂರು ಕಂಬಗಳ ಕೂಟವನ್ನು ಗುಚ್ಛವೆನ್ನೋಣ. ಮುಂದಿನ ಪ್ರತಿ ಸಾಲಿನಲ್ಲಿಯೂ ನಾಲ್ಕು ಸರಪಣಿಯಿಂದ ಆರಂಭಿಸಿ, ಅಂಚಿನ ಸಂದಿನಲ್ಲಿ ಒಂದು ಗುಚ್ಛ, ಗುಚ್ಛಗಳ ನಡುವಣ ಒಂದೊಂದು ಸಂದಿನಲ್ಲಿ ಒಂದೊಂದು ಗುಚ್ಛ, ನಟ್ಟನಡುವಿನ ಸಂದಿನಲ್ಲಿ ಎರಡು ಸರಪಣಿಗಳಿಂದ ಅಗಲಿದ ಎರಡು ಗುಚ್ಛ, ಕೊನೆಯ ಅಂಚಿನ ಸಂದಿನಲ್ಲಿ ಒಂದು ಗುಚ್ಛ, ಒಂದು ಸರಪಣಿ, ಒಂದು ಕಂಬ. ಇಲ್ಲಿಗೆ ಸೂತ್ರ ಮುಗಿಯಿತು. ನಡುವಿನ ಸಂದು ತಪ್ಪದಿರಲೆಂದು ಅಲ್ಲಿ ಬೇರೆ ಬಣ್ಣದ ದಾರದ ತುಣುಕೊಂದನ್ನು ಕಟ್ಟಿಕೊಳ್ಳುವುದು ಜಾಣತನ.

ಈ ಶಾಲಿನ ಲೆಕ್ಕ ಸ್ವಾರಸ್ಯವಾದುದು. ಮೊದಲ ಸಾಲಿಗೆ 2 ಗುಚ್ಛ, ಎರಡನೆಯದಕ್ಕೆ 4, ಮೂರನೆಯದಕ್ಕೆ 6, ಸಾಲಿಗೆರಡರಂತೆ ಏರಿಕೆ. ದೊಡ್ಡವರ ಹೆಗಲಿಗೆ 40 ಸಾಲು ಬೇಕೆಂದರೆ ಒಟ್ಟು ಗುಚ್ಛಗಳು 1640. ಅಂಚಿನವನ್ನು ಬಿಟ್ಟು ಕಂಬಗಳು 4920. ಇಪ್ಪತ್ತು ಸಾಲು ಮುಗಿದಾಗ ಅರ್ಧ ಶಾಲಾಯಿತೆಂದು ಹಿಗ್ಗುವುದು ಸಹಜ. ಆದರೆ ಅಷ್ಟರಲ್ಲಿ ಆಗಿರುವ ಗುಚ್ಛಗಳು 420 ಮಾತ್ರ. ಅದು ಸರಿಸುಮಾರು ಕಾಲುಭಾಗ. ಮೊದಲ ಸಂಜೆ ಶಾಲು ಕಣ್ಣೆದುರೇ ಬೆಳೆಯುತ್ತದೆ, ಕಡೆಯ ಸಂಜೆಗಳಲ್ಲಿ ಒಂದು ಸಾಲು ಮುಗಿಯುವುದೇ ದುಸ್ತರವೆನಿಸುತ್ತದೆ. ಅನೇಕ ಶಾಲುಗಳು ಅರ್ಧಕ್ಕೆ ನಿಂತು ಮೂಲೆ ಸೇರುವುದು ಈ ಗಣಿತವನ್ನು ಅರಿಯದ ಕಾರಣದಿಂದ, ಸೋಮಾರಿತನದಿಂದಲೇ ಅಲ್ಲ.

ಸುಲಭವೆಂಬ ಮಾತಿಗೆ ಇರುವ ಈ ಮಿತಿಯನ್ನು ನೆನಪಿಡಬೇಕಾದುದಕ್ಕೆ ಮತ್ತೊಂದು ಕಾರಣವೂ ಇದೆ. ಕ್ರೋಶಾದ ಚರಿತ್ರೆಯಲ್ಲಿ ಬಡತನದ ಅಧ್ಯಾಯಗಳು ದೊಡ್ಡವು. ಯೂರೋಪಿನಲ್ಲಿ ಇದರ ಮಾದರಿಗಳು ಅಚ್ಚಾದುದು 1823ರಲ್ಲಿ, ಡಚ್ ಪತ್ರಿಕೆಯೊಂದರಲ್ಲಿ. ಅನುಕೂಲಸ್ಥರ ಮನೆಯ ಹವ್ಯಾಸವಾಗಿದ್ದ ಈ ಕಲೆ 1845ರಲ್ಲಿ ಐರ್ಲೆಂಡಿಗೆ ಆಲೂಗೆಡ್ಡೆಯ ಬೆಳೆನಾಶದಿಂದ ಮಹಾಕ್ಷಾಮ ಬಂದೆರಗಿದಾಗ ಅನ್ನದ ದಾರಿಯಾಯಿತು. ಕ್ರೈಸ್ತ ಸಂನ್ಯಾಸಿನಿಯರೂ ಪಾದ್ರಿಗಳ ಮನೆಯ ಹೆಂಗಸರೂ ಹಸಿದ ಕುಟುಂಬಗಳಿಗೆ ಇದನ್ನು ಕಲಿಸಿದರು. ಹೂವು, ಎಲೆಗಳನ್ನು ಬಿಡಿಬಿಡಿಯಾಗಿ ಹೆಣೆದು ಆಮೇಲೆ ಕೂಡಿಸುವ ಅಲ್ಲಿನ ಪದ್ಧತಿಯಿಂದ ಹಲವು ಕೈಗಳು ಒಂದೇ ವಸ್ತುವಿನ ಕೆಲಸವನ್ನು ಹಂಚಿಕೊಳ್ಳುವುದು ಸಾಧ್ಯವಾಯಿತು.

ನಮ್ಮ ನೆರೆಯ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರಕ್ಕೂ ಈ ಕಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳ ಮೂಲಕವೇ ಬಂದಿತು. ಕಾಲಕ್ರಮದಲ್ಲಿ ಅಲ್ಲಿನ ಸುತ್ತುಮುತ್ತಿನ ಹಳ್ಳಿಗಳ ಸಹಸ್ರಾರು ಮಹಿಳೆಯರು ಹೆಣೆದ ಜಾಲರಿಗಳು ವಿದೇಶಗಳಿಗೆ ರವಾನೆಯಾದವು. ಅವರ ಬದುಕನ್ನು ಕುರಿತು ಜರ್ಮನ್ ವಿದುಷಿ ಮಾರಿಯಾ ಮೀಸ್ 1982ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಆ ಮಹಿಳೆಯರು ದಿನದ ಬಹುಭಾಗ ಹೆಣೆಯುತ್ತಿದ್ದರೂ ವ್ಯಾಪಾರಿಗಳ ಲೆಕ್ಕದಲ್ಲಿ ಅವರು ಕಾರ್ಮಿಕರಾಗಿರಲಿಲ್ಲ, ಗೃಹಿಣಿಯರಾಗಿದ್ದರು. ಅವರ ಕೆಲಸ ಕೆಲಸವಾಗಿರಲಿಲ್ಲ, ಬಿಡುವಿನ ಕಾಲಕ್ಷೇಪವಾಗಿತ್ತು. ಆದುದರಿಂದಲೇ ಅವರಿಗೆ ದೊರೆಯುತ್ತಿದ್ದ ಕೂಲಿ ಅತ್ಯಲ್ಪವಾಗಿತ್ತು ಎಂಬುದು ಆ ಗ್ರಂಥದ ತಿರುಳು. 2024ರಲ್ಲಿ ನರಸಾಪುರದ ಕ್ರೋಶಾಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಊರಿಗೆ ಕೀರ್ತಿ ಬಂದುದು ಸಂತೋಷದ ಸಂಗತಿ. ಆದರೆ ಹೆಣೆದ ಕೈಗೆ ಬರುವ ಕೂಲಿ ಬೇರೆಯೇ ಪ್ರಶ್ನೆ.

ಮನೆಯಲ್ಲಿ ಹೆಣೆದ ಶಾಲಿನ ಬೆಲೆ ಕಟ್ಟುವಾಗ ನಾವೂ ಇದೇ ತಪ್ಪನ್ನು ಮಾಡುತ್ತೇವೆ. ನೂಲಿನ ಬೆಲೆಯನ್ನು ಕೂಡುತ್ತೇವೆ, ಕೈಗಳ ಬೆಲೆಯನ್ನು ಬಿಡುತ್ತೇವೆ. ನಾಲ್ಕು ಸಾವಿರದ ಒಂಬೈನೂರ ಇಪ್ಪತ್ತು ಸಲ ನೂಲನ್ನು ಸುತ್ತಿ ಸೆಳೆದವರಿಗೆ ‘ಹೇಗಿದ್ದರೂ ಬಿಡುವಿತ್ತಲ್ಲ’ ಎನ್ನುವುದು ನ್ಯಾಯವಲ್ಲ. ನೇಕಾರ ಜೇಡರ ದಾಸಿಮಯ್ಯನನ್ನು, ನೂಲುವ ಕದಿರ ರೆಮ್ಮವ್ವೆಯನ್ನು ಶರಣರೆಂದು ಗೌರವಿಸಿದ ಪರಂಪರೆ ನಮ್ಮದು. ಮಾರಯ್ಯನು ಆಯ್ದು ತಂದ ಅಕ್ಕಿ ಅಂದಿನ ಅಳತೆಯನ್ನು ಮೀರಿತ್ತೆಂದು ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದ ಕಥೆ ಮಕ್ಕಳಿಗೂ ಗೊತ್ತು. ಮೀರಿದುದು ಸಲ್ಲದೆಂಬ ಅಳತೆ ಕುಂದಿದುದೂ ಸಲ್ಲದೆಂದೇ ಹೇಳುತ್ತದೆ. ಸಮಾರಂಭದ ಸತ್ಕಾರಕ್ಕೆ ಶಾಲುಗಳನ್ನು ಹೆಣೆಸಲು ಇಚ್ಛಿಸುವ ದಾನಿಗಳು ನೂಲಿನ ತೂಕದ ಜೊತೆಗೆ ಗಂಟೆಗಳನ್ನೂ ಬರೆದಿಟ್ಟು ಲೆಕ್ಕ ಮಾಡುವುದು ಯುಕ್ತ. ಶಾಲೆಯ ಕರಕುಶಲ ತರಗತಿಯಲ್ಲಿ ಮಕ್ಕಳಿಗೆ ಇದನ್ನು ಕಲಿಸುವಾಗಲೂ, ಹುಡುಗರು ಹುಡುಗಿಯರೆಂಬ ಭೇದವಿಲ್ಲದೆ, ಆರಂಭಿಸಿದ ವೇಳೆ ಮುಗಿಸಿದ ವೇಳೆಗಳನ್ನು ಪುಸ್ತಕದಲ್ಲಿ ಬರೆಯಿಸುವುದು ಒಳ್ಳೆಯ ಅಭ್ಯಾಸ.

ಮುಗಿಸುವ ಕ್ರಮ ಸ್ವಲ್ಪ ಉಳಿದಿದೆ. ನೂಲಿನ ತುದಿಗಳನ್ನು ಗಂಟು ಹಾಕಿ ಕತ್ತರಿಸಬಾರದು. ಶಾಲಿನ ಎರಡು ಮುಖಗಳೂ ಕಾಣುವುದರಿಂದ ಗಂಟು ಎದ್ದು ತೋರುತ್ತದೆ. ನಾಲ್ಕೈದು ಅಂಗುಲ ತುದಿ ಬಿಟ್ಟು ಮೊಂಡು ಸೂಜಿಯಿಂದ ಕಂಬಗಳ ಒಳಗೆ ಹಿಂದಕ್ಕೂ ಮುಂದಕ್ಕೂ ಪೋಣಿಸಬೇಕು. ನಿಜವಾದ ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಒತ್ತಿ, ಚಾಪೆಯ ಮೇಲೆ ಹರಡಿ ಒಣಗಿಸಬೇಕು. ತಂತಿಯ ಮೇಲೆ ತೂಗುಹಾಕಿದರೆ ತನ್ನ ಭಾರಕ್ಕೆ ತಾನೇ ಜೋತುಬೀಳುತ್ತದೆ. ಅಕ್ರಿಲಿಕ್ಕಿಗೆ ಕಾದ ಇಸ್ತ್ರಿಪೆಟ್ಟಿಗೆ ತಾಗಕೂಡದು.

ಕೆಟ್ಟುದನ್ನು ಬಿಚ್ಚಲು ಹೆದರಬೇಕಾಗಿಲ್ಲ. ಕಡೆಯ ಕುಣಿಕೆಯನ್ನು ಸಡಿಲಿಸಿ ಎಳೆದರೆ ಸಾಲು ಸಾಲಾಗಿ ಬಿಚ್ಚಿ ಬರುತ್ತದೆ. ತಪ್ಪಿದ ಜಾಗದವರೆಗೆ ಬಿಚ್ಚಿ ಅಲ್ಲಿಂದ ಮುಂದುವರಿಸಬಹುದು. ಹಳೆಯ ಶಾಲನ್ನು ಪೂರ್ತಿ ಬಿಚ್ಚಿದರೆ ನೂಲು ಸುರುಳಿಸುರುಳಿಯಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರಿನಲ್ಲಿ ನೆನೆಸಿ, ಕೆಳಗೊಂದು ಹಗುರವಾದ ಭಾರವನ್ನು ಕಟ್ಟಿ ನೆರಳಿನಲ್ಲಿ ತೂಗಬಿಟ್ಟರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಅಜ್ಜಿಯ ಶಾಲಿನ ನೂಲಿನಲ್ಲಿ ಮೊಮ್ಮಗಳ ಮಫ್ಲರೂ ಕೂಸಿನ ಕುಲಾವಿಯೂ ಎರಡೂ ಆಗುವಷ್ಟು ಇರುತ್ತದೆ.