ಕಿವಿಯಚ್ಚಿನ ವೃತ್ತಾಂತ

ಇಯರ್‌ಫೋನಿನ ತುದಿಗೆ ತಮ್ಮ ಕಿವಿಯ ಅಳತೆಗೇ ಎರಕ ಹೊಯ್ಯಿಸಿದ ಇಯರ್‌ಟಿಪ್ ಮಾಡಿಸಿಕೊಳ್ಳುವ ಸಂಗೀತಪ್ರಿಯರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಮೇಲುನೋಟಕ್ಕೆ ರಸಿಕರ ವಿಲಾಸವೆಂದು ತೋರುವ ಈ ಅಲ್ಪವಸ್ತುವಿನ ವಂಶಾವಳಿಯನ್ನು ಅರಸುತ್ತ ಹೋದವನು ಕಟ್ಟಕಡೆಗೆ ಸೇರುವುದು ಕಿವಿ ಮಂದವಾದವರ ಚಿಕಿತ್ಸಾಲಯವನ್ನು. ಸಂಗೀತಲೋಕವು ಆ ಚಿಕಿತ್ಸಾಲಯಕ್ಕೆ ಬಹಳವಾಗಿ ಋಣಿಯಾಗಿದೆಯೆಂದೂ, ಆ ಋಣವನ್ನು ಸ್ಮರಿಸುವವರು ವಿರಳವೆಂದೂ ನನ್ನ ಭಾವನೆ.

ಅಂಗಿಯ ಜೇಬಿನಲ್ಲಿ ಪುಟ್ಟ ಪೆಟ್ಟಿಗೆಯನ್ನಿರಿಸಿಕೊಂಡು, ಅದರಿಂದ ಹೊರಟ ತಂತಿಯನ್ನು ಕಿವಿಗೆ ಸೇರಿಸಿಕೊಂಡಿದ್ದ ಹಿರಿಯರನ್ನು ಕಂಡ ನೆನಪು ಹಲವರಿಗಿರಬಹುದು. ತಂತಿಯ ಕೊನೆಯಲ್ಲಿದ್ದ, ಸದ್ದು ಹೊರಡಿಸುವ ಗುಂಡಿಯಾಕಾರದ ರಿಸೀವರು ಕದಲದೆ ನಿಲ್ಲುತ್ತಿದ್ದುದು ಅವರವರ ಕಿವಿಗೆಂದೇ ತಯಾರಿಸಿದ ಅಚ್ಚಿನ ಆಧಾರದಿಂದ. ಅಚ್ಚು ಸಡಿಲವಾಯಿತೋ, ಹೊರಸೋರಿದ ಸದ್ದು ಮರಳಿ ಮೈಕ್ರೊಫೋನನ್ನು ಹೊಕ್ಕು, ಯಂತ್ರವು ಕರ್ಕಶವಾಗಿ ಸಿಳ್ಳಿಡತೊಡಗುವುದು. ಆದಕಾರಣ ಕಿವಿಯ ಆಕೃತಿಯನ್ನು ಯಥಾವತ್ತಾಗಿ ತೆಗೆಯುವ ವಿದ್ಯೆಯೊಂದು ಚಿಕಿತ್ಸಾಲಯಗಳ ಆಶ್ರಯದಲ್ಲಿ ಬೆಳೆಯಿತು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾಗಿ ಈಗ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಅಚ್ಚುಗಳಿಗೆಂದೇ ಒಂದು ಪ್ರಯೋಗಾಲಯವುಂಟು.

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ನಗರದಲ್ಲಿ 1959ರಲ್ಲಿ ಆರಂಭವಾದ ವೆಸ್ಟೋನ್ ಸಂಸ್ಥೆಯ ಕಸುಬೂ ಮೊದಲಿಗೆ ಇದೇ ಆಗಿದ್ದಿತು. ಇತ್ತ ಹ್ಯೂ ನೋಲ್ಸ್ 1946ರಲ್ಲಿ ಸ್ಥಾಪಿಸಿದ ಕಂಪನಿಯು ಶ್ರವಣಸಾಧನಗಳಿಗೆ ಬೇಕಾದ ಅತಿಸೂಕ್ಷ್ಮ ರಿಸೀವರುಗಳನ್ನು ರೂಪಿಸುತ್ತಿದ್ದಿತು. ಅಲ್ಲಿ ದುಡಿದು ಅನುಭವ ಗಳಿಸಿದ ಮೀಡ್ ಕಿಲಿಯನ್ 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಕಟ್ಟಿ, 1991ರಲ್ಲಿ ಇಆರ್-4 ಎಂಬ ಇಯರ್‌ಫೋನಿನ ಮೂಲಕ ಆ ಬಗೆಯ ರಿಸೀವರನ್ನು ಸಂಗೀತ ಕೇಳುವವರ ಕಿವಿಗೊಪ್ಪಿಸಿದನು. ರಾಕ್ ಸಂಗೀತದ ರಂಗಸ್ಥಳದಲ್ಲಾದರೋ ಬೇರೊಂದು ಸಂಕಟವಿದ್ದಿತು. ತನ್ನ ವಾದ್ಯ ತನಗೆ ಕೇಳಿಸಬೇಕೆಂದು ಒಬ್ಬನು ಕಾಲ ಬಳಿಯ ಸ್ಪೀಕರಿನ ದನಿಯನ್ನು ಏರಿಸಿದರೆ ಪಕ್ಕದವನೂ ಏರಿಸುವನು. ಈ ಪೈಪೋಟಿಯ ನಡುವೆ ಕಲಾವಿದರ ಶ್ರವಣಶಕ್ತಿಯೇ ಕುಂದುತ್ತಿದ್ದಿತು. ವ್ಯಾನ್ ಹೇಲನ್ ತಂಡದ ಧ್ವನಿ ತಂತ್ರಜ್ಞನಾಗಿದ್ದ ಜೆರ್ರಿ ಹಾರ್ವಿ, ಡ್ರಮ್ ವಾದಕ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ, ಕಿವಿಯ ಅಳತೆಯ ಅಚ್ಚಿನೊಳಗೆ ಎರಡು ಸೂಕ್ಷ್ಮ ರಿಸೀವರುಗಳನ್ನಡಗಿಸಿ ಇಯರ್‌ಫೋನ್ ರಚಿಸಿದನು; ಅದರಿಂದಲೇ 1995ರಲ್ಲಿ ಅಲ್ಟಿಮೇಟ್ ಇಯರ್ಸ್ ಎಂಬ ಕಂಪನಿ ಹುಟ್ಟಿತು. ಅದರ ಇಯರ್‌ಫೋನುಗಳನ್ನು ಆರಂಭಕಾಲದಲ್ಲಿ ತಯಾರಿಸಿಕೊಟ್ಟದ್ದು ಶ್ರವಣಸಾಧನದ ಅಚ್ಚುಗಳಲ್ಲಿ ಪಳಗಿದ್ದ ಅದೇ ವೆಸ್ಟೋನ್. ವಾದ್ಯಗಾರರಿಂದ ಈ ಬಯಕೆ ಸಾಮಾನ್ಯ ಶ್ರೋತೃಗಳಿಗೂ ದಾಟಿತು; ಇಡೀ ಇಯರ್‌ಫೋನನ್ನು ಮಾಡಿಸಲಾರದವರು ತಮ್ಮಲ್ಲಿರುವುದಕ್ಕೇ ತುದಿಯನ್ನು ಮಾತ್ರ ಮಾಡಿಸಿಕೊಂಡರು.

ಅಚ್ಚು ತೆಗೆಯುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಕರ್ಣನಾಳವು ಸುಮಾರು 25 ಮಿಲಿಮೀಟರ್ ಉದ್ದದ, ಎರಡೆಡೆ ಬಾಗಿದ ಹಾದಿ. ಹೊರಭಾಗದಲ್ಲಿ ಮೃದ್ವಸ್ಥಿ, ಒಳಗೆ ಗಟ್ಟಿ ಎಲುಬು, ಅದರ ಮೇಲೆ ಅತಿ ತೆಳುವಾದ ಚರ್ಮ. ತಜ್ಞರು ದೀಪವಿಟ್ಟು ಕಿವಿಯೊಳಗನ್ನು ಪರೀಕ್ಷಿಸಿ, ಗುಗ್ಗೆಯಿದ್ದರೆ ತೆಗೆಸಿ, ದಾರ ಕಟ್ಟಿದ ಹತ್ತಿಯ ಸಣ್ಣ ತಡೆಯೊಂದನ್ನು ಎರಡನೆಯ ಬಾಗಿನ ಆಚೆಗೆ ಇರಿಸುತ್ತಾರೆ. ಕಿವಿತಮಟೆಯನ್ನು ಕಾಯುವುದು ಆ ಹತ್ತಿಯೇ. ಅದನ್ನು ಇರಿಸುವಾಗ ಕೆಲವರಿಗೆ ಹಠಾತ್ತಾಗಿ ಕೆಮ್ಮು ಬರುವುದುಂಟು, ಏಕೆಂದರೆ ಗಂಟಲಿಗೆ ಹೋಗುವ ವೇಗಸ್ ನರದ ಕವಲೊಂದು ಕಿವಿಗೂ ಬಂದಿದೆ. ಬಳಿಕ ಎರಡು ಬಣ್ಣದ ಸಿಲಿಕೋನನ್ನು ಚಪಾತಿಯ ಹಿಟ್ಟಿನಂತೆ ನಾದಿ, ಬಣ್ಣ ಒಂದಾದೊಡನೆ ಸಿರಿಂಜಿನಲ್ಲಿ ತುಂಬಿ ನಿಧಾನವಾಗಿ ಒಳಗೆ ಹರಿಸುತ್ತಾರೆ. ಆ ತಂಪು ಕಿವಿಯನ್ನು ತುಂಬುತ್ತಿದ್ದಂತೆ ಹೊರಗಿನ ಸದ್ದು ಹಿಂದೆ ಸರಿದು, ತನ್ನ ಉಸಿರೇ ತನಗೆ ದೊಡ್ಡದಾಗಿ ಕೇಳಿಸತೊಡಗುತ್ತದೆ. ಅದು ಗಟ್ಟಿಯಾಗುವ ಕೆಲವು ನಿಮಿಷ ಹಾಡುಗಾರರು ಹಲ್ಲುಗಳ ನಡುವೆ ತುಂಡೊಂದನ್ನು ಕಚ್ಚಿ ಬಾಯಿ ತೆರೆದು ಕುಳಿತಿರಬೇಕು: ದವಡೆಯು ಚಲಿಸಿದಂತೆ ಕರ್ಣನಾಳದ ಆಕಾರವೂ ಬದಲಾಗುವುದರಿಂದ, ಬಾಯಿ ಮುಚ್ಚಿ ತೆಗೆದ ಅಚ್ಚು ಹಾಡುವಾಗ ಸಡಿಲಗೊಂಡು, ಮಂದ್ರಸ್ವರಗಳು ಆ ಸಂದಿನಿಂದ ಸೋರಿಹೋಗುತ್ತವೆ.

ಹಿಂದೆ ಕಿವಿಯಿಂದ ಹೊರತೆಗೆದ ಈ ಆಕೃತಿಯನ್ನು ಮೇಣದಲ್ಲಿ ಅದ್ದಿ, ಸುತ್ತ ಪಡಿಯಚ್ಚು ಕಟ್ಟಿ, ಅಕ್ರಿಲಿಕ್ ಇಲ್ಲವೆ ಸಿಲಿಕೋನ್ ಹೊಯ್ದು ಕೈಯಲ್ಲೇ ಉಜ್ಜಿ ನಯಗೊಳಿಸುತ್ತಿದ್ದರು. ಈಗ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ತಿದ್ದಿ, ತ್ರಿವಿಮ ಮುದ್ರಣ ಮಾಡುವುದೇ ಹೆಚ್ಚು. 2020ರಲ್ಲಿ ಅಲ್ಟಿಮೇಟ್ ಇಯರ್ಸ್ ಹೊರತಂದ ಇಯರ್‌ಫೋನಿನಲ್ಲಂತೂ ತುದಿಯೊಳಗಿನ ಮೆದು ದ್ರವ್ಯವು ನೇರಳೆ ಬೆಳಕಿನಿಂದ 60 ಸೆಕೆಂಡುಗಳಲ್ಲಿ ಕಿವಿಯಲ್ಲಿಯೇ ಗಟ್ಟಿಯಾಗುತ್ತದೆ. ಅದು ಚಮತ್ಕಾರವೇ ಸರಿ. ಆದರೂ ಎರಡನೆಯ ಬಾಗಿನವರೆಗೆ ಇಳಿದು ಕಿವಿಯನ್ನು ಅರಿಯುವ ಅನುಭವಿಯ ಕೈಯನ್ನೇ ನಾನು ಹೆಚ್ಚು ನಂಬುತ್ತೇನೆ.

ಬೆಳೆದವರ ಅಚ್ಚು ಹಲವು ವರ್ಷ ಬಾಳುತ್ತದೆ. ಶ್ರವಣದೋಷವಿರುವ ಶಿಶುವಿಗಾದರೋ, ಕಿವಿ ಬೆಳೆಯುತ್ತಲೇ ಇರುವುದರಿಂದ, ಕೆಲವೇ ತಿಂಗಳಿಗೊಮ್ಮೆ ಹೊಸ ಅಚ್ಚು ತೆಗೆಯಿಸಬೇಕಾಗುತ್ತದೆ. ಆ ಅನುಭವಿಯ ಕೈ ದಿನದಿನವೂ ಪಳಗುತ್ತಿರುವುದು ಅಂಥ ಪುಟ್ಟ ಕಿವಿಗಳಲ್ಲಿಯೇ.